ವಿದೇಶವಾಸಿ ಮಾಲೀಕರ ಮನೆ ವಿಮೆ (ನಂಜನಗೂಡು, ತಿ. ನರಸೀಪುರ)

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಮನೆಯಿದ್ದು, ತಾವು ಹೊರದೇಶದಲ್ಲಿ ನೆಲೆಸಿರುವವರು ಆ ಮನೆಗೆ ಮಾಡಿಸುವ ವಿಮೆ. ಇಲ್ಲಿ ಹುಟ್ಟಿ ಬೆಳೆದು ಅಮೆರಿಕದ ಪೌರತ್ವ ಪಡೆದವರು 1955ರ ಪೌರತ್ವ ಕಾಯ್ದೆಯಂತೆ ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ. ಅಪ್ಪ ಕಟ್ಟಿಸಿದ ಮನೆಗೇ ಅವರು ಕಾನೂನಿನ ಕಣ್ಣಲ್ಲಿ ವಿದೇಶಿ ಮಾಲೀಕರು. ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೆ ಮನೆ, ಅಂಗಡಿ ಕೊಳ್ಳಬಹುದು. ಗದ್ದೆ, ತೋಟ ಕೊಳ್ಳುವಂತಿಲ್ಲ. ಆದರೆ ಹಿರಿಯರಿಂದ ಬಂದ ಜಮೀನನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ.

ಈ ಭಾಗದಲ್ಲಿ ವಿಮೆಯ ಮಾತು ಹೊಳೆಯಿಂದಲೇ ಶುರುವಾಗಬೇಕು. ವಯನಾಡಿನಲ್ಲಿ ಮಳೆ ಜೋರಾದರೆ 19.52 ಟಿಎಂಸಿ ಸಾಮರ್ಥ್ಯದ ಕಬಿನಿ ಜಲಾಶಯ ಬೇಗ ತುಂಬುತ್ತದೆ, ಗೇಟು ತೆಗೆಯುತ್ತಾರೆ. ನಂಜನಗೂಡಿನ ಸ್ನಾನಘಟ್ಟದ ಬಳಿಯ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿತು ಎಂಬುದೇ ಊರಿನವರಿಗೆ ಅಳತೆಗೋಲು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆ ಎಂದೂ ಕರೆಯುವ ಕಬಿನಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದಳು; ಮಲ್ಲನಮೂಲೆ ಮಠದ ಬಳಿ ರಸ್ತೆಗೂ ನೀರು ಬಂತು. ತಿ. ನರಸೀಪುರಕ್ಕೆ ಆತಂಕ ಎರಡು ಕಡೆಯಿಂದ: ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ಕಾವೇರಿಯೂ ಕಬಿನಿಯೂ ಕೂಡುವುದು ತಿರುಮಕೂಡಲಿನ ಸಂಗಮದಲ್ಲೇ.

ಹೊರದೇಶದ ಮನೆಗೆ ಪಾಲಿಸಿ ಕೊಟ್ಟ ಕಂಪನಿಯಲ್ಲೇ ಊರಿನ ಮನೆಯನ್ನೂ ನೇರವಾಗಿ ಸೇರಿಸಲಾಗದು. ಭಾರತದಲ್ಲಿರುವ ಆಸ್ತಿಗೆ ವಿದೇಶಿ ವಿಮಾದಾರರಿಂದ ಪಾಲಿಸಿ ಪಡೆಯಲು ವಿಮಾ ನಿಯಂತ್ರಣ ಪ್ರಾಧಿಕಾರದ ಪೂರ್ವಾನುಮತಿ ಬೇಕೆಂದು 1938ರ ವಿಮಾ ಕಾಯ್ದೆಯ 2ಸಿಬಿ ಕಲಂ ಹೇಳುತ್ತದೆ. ಇಲ್ಲಿನ ಸಾಮಾನ್ಯ ವಿಮಾ ಕಂಪನಿಗಳು 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಕೊಡುತ್ತಿವೆ. ಬೆಂಕಿ, ಸಿಡಿಲು, ಬಿರುಗಾಳಿ, ಭೂಕಂಪ, ಪ್ರವಾಹ ಎಲ್ಲವೂ ಇದರೊಳಗಿವೆ. ಒಮ್ಮೆಗೆ 10 ವರ್ಷದವರೆಗೂ ಮಾಡಿಸಬಹುದು. ವಿಮಾ ಮೊತ್ತ ನಿಲ್ಲುವುದು ಕಟ್ಟಡ ಕಟ್ಟುವ ವೆಚ್ಚದ ಮೇಲೆ, ನಿವೇಶನದ ಬೆಲೆಯ ಮೇಲಲ್ಲ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ತಾನಾಗಿ ಸೇರುತ್ತದೆ.

ಬೀಗ ಹಾಕಿದ ಮನೆಯ ಮಾಲೀಕರು ಗಮನಿಸಬೇಕಾದ ಅಂಶ ಕಳ್ಳತನದ್ದು. ಈ ಪಾಲಿಸಿ ಕಳ್ಳತನವನ್ನು ಭರಿಸುವುದು ಪ್ರವಾಹ, ಬೆಂಕಿಯಂಥ ಅವಘಡ ನಡೆದ 7 ದಿನದೊಳಗೆ, ಅದರ ಹಿನ್ನೆಲೆಯಲ್ಲಿ ಆದರೆ ಮಾತ್ರ. ಸುಮ್ಮನೆ ಬೀಗ ಒಡೆದರೆ ಬೇರೆ ವಿಮೆಯೇ ಬೇಕು. ಹಳೆಯ ಅಗ್ನಿ ವಿಮೆಯಲ್ಲಿ ಕಂಪನಿಯ ಒಪ್ಪಿಗೆಯಿಲ್ಲದೆ 30 ದಿನಕ್ಕಿಂತ ಹೆಚ್ಚು ಮನೆ ಖಾಲಿ ಬಿದ್ದರೆ ರಕ್ಷಣೆಯೇ ನಿಲ್ಲುತ್ತಿತ್ತು. ಹಾಗಾಗಿ ಮನೆಯಲ್ಲಿ ಯಾರೂ ಇಲ್ಲವೆಂದು ಅರ್ಜಿಯಲ್ಲೇ ಬರೆದು, ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ. ಮಣ್ಣಿನ ಗೋಡೆಯ ತೊಟ್ಟಿಮನೆಯಾದರೆ ಅದನ್ನೂ ಮುಚ್ಚಿಡಬಾರದು.

ಕ್ಲೇಮು ಎಡವುವುದು ಹೆಚ್ಚಾಗಿ ಕಾಗದದಲ್ಲಿ. ತೀರಿಕೊಂಡ ತಂದೆಯ ಹೆಸರಲ್ಲೇ ಖಾತೆ ಉಳಿದಿರುತ್ತದೆ, ಅಣ್ಣತಮ್ಮಂದಿರ ಪಾಲು ಆಗಿರುವುದಿಲ್ಲ. ಪಾಲಿಸಿ ಮಾತ್ರ ಕಂತು ಕಟ್ಟಿದವರೊಬ್ಬರ ಹೆಸರಲ್ಲಿ. ನಷ್ಟವಾದ ದಿನ ಆ ಮನೆಯಲ್ಲಿ ತಮಗೆ ಹಕ್ಕಿತ್ತೆಂದು ಅವರು ತೋರಿಸಬೇಕಾಗುತ್ತದೆ. ಹೊಳೆ ಏರುವ ಮೊದಲೇ ವಾರಸುದಾರರು ಪೌತಿ ಖಾತೆ ಮಾಡಿಸಿಕೊಳ್ಳಬೇಕೆಂದು ಹೇಳುವುದು ಇದಕ್ಕೇ.

ನೀರು ಇಳಿದ ಮೇಲೆ ಕಂಪನಿಯ ಸರ್ವೇಯರ್ ಬರುತ್ತಾರೆ. ಅವರು ನೋಡುವ ಮುನ್ನ ಗೋಡೆ ತೊಳೆದು ಬಣ್ಣ ಹೊಡೆದರೆ ಸಾಕ್ಷ್ಯ ಹೋದಂತೆ. ಬಾಗಿಲು ತೆರೆದು ತೋರಿಸಲು, ಸಹಿ ಹಾಕಲು ಊರಿನಲ್ಲಿ ಒಬ್ಬರಿಗೆ ಅಧಿಕಾರಪತ್ರ ಇರಬೇಕು. ಹೊರದೇಶದಲ್ಲಿ ಬರೆದುಕೊಟ್ಟ ಅಂಥ ಪತ್ರಕ್ಕೆ ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಪರಿಹಾರದ ರೂಪಾಯಿ ಸಾಮಾನ್ಯವಾಗಿ ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಜಮೆಯಾಗುತ್ತದೆ. ಕಂಪನಿ ನಿರಾಕರಿಸಿದರೆ 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯವನ್ನು ಬೆಂಗಳೂರಿನ ವಿಮಾ ಲೋಕಪಾಲರ ಮುಂದೆ ಶುಲ್ಕವಿಲ್ಲದೆ ಒಯ್ಯಬಹುದು.