ಹೆಸರಿಲ್ಲದ ಮರಕ್ಕೆ ಸೌದೆಯ ಬೆಲೆ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ದಾರಿಯ ಒಂದು ಊರು. ರಸ್ತೆ ಬದಿ ಉರುಳಿದ ಮರವನ್ನು ಕುಯ್ದವರು ನಮ್ಮ ಕೇರಿಯವರು. ಕೊಳ್ಳಲು ಬಂದವನು 'ಇದ್ಯಾವುದೋ ಪರದೇಶಿ ಮರ, ಹೆಸರಿಲ್ಲ' ಅಂದ. ಸೌದೆಯ ಬೆಲೆ ಕಟ್ಟಿದ. ಅದೇ ದಿಮ್ಮಿಯ ತುಂಡೊಂದು ಲೇತಿಗೆ ಏರಿದಾಗ ಕಂಡದ್ದೇ ಬೇರೆ. ಹೊರಗೆ ಕೆನೆ ಬಣ್ಣದ ಸುತ್ತು, ಒಳಗೆ ಬೆಲ್ಲದ ಬಣ್ಣದ ತಿರುಳು, ನಡುವೆ ಕಪ್ಪು ಗೆರೆ. ಹಸಿಯಾಗಿದ್ದಾಗಲೇ ಕಡೆದರೂ ಸೀಳು ಬಿಡಲಿಲ್ಲ. ಧೂಳು ಮಾತ್ರ ಮೂಗಿಗೆ ಖಾರ.

ಯಾವ ಮರ ಇದು? ಚನ್ನಪಟ್ಟಣದ ಬೊಂಬೆಯ ಹಾಲೆಮರವಂತೂ ಅಲ್ಲ, ಅದು ಬೆಳ್ಳಗೆ. ಬೀಟೆ ಅನ್ನೋಣವೆಂದರೆ ಆ ತೂಕವಿಲ್ಲ. ಅಡ್ಡ ಕುಯ್ದ ಮುಖವನ್ನು ಹರಿತವಾದ ಉಳಿಯಲ್ಲಿ ಹೆರೆದು, ನೀರು ಸವರಿ, ಭೂತಗನ್ನಡಿ ಹಿಡಿದೆವು. ದೊಡ್ಡ ದೊಡ್ಡ ರಂಧ್ರ. ಪ್ರತಿಯೊಂದರ ಸುತ್ತ ರೆಕ್ಕೆ ಬಿಚ್ಚಿದಂತೆ ತಿಳಿ ಬಣ್ಣದ ಉಂಗುರ. ನಮ್ಮ ಬಾಗೆಮರದ ಲಕ್ಷಣವೂ ಹೆಚ್ಚುಕಮ್ಮಿ ಇದೇ, ಎರಡೂ ಒಂದೇ ಬಳಗದವು. ನಮ್ಮ ಓದು ಅಲ್ಲಿಗೆ ನಿಂತಿತು.

ಆಡು ಮೇಯಿಸುವ ದೊಡ್ಡವ್ವ ನಕ್ಕಳು: 'ಬಾಗೆ ಅಲ್ಲ ಕಣ್ರಪ್ಪ. ಬಾಗೆಕಾಯಿ ಒಣಗುದ್ರೆ ಗಲಗಲ ಅಂತದ. ಇದ್ರ ಕಾಯಿ ದಪ್ಪ, ಮುರುದ್ರೆ ಬೆಲ್ದಂಗೆ ಅಂಟ್ತದ, ಆಡು ಬುಡದೇ ಇಲ್ಲ. ಮೋಡ ಮುಚ್ಚುದ್ರೆ ಎಲೆ ಮಡ್ಚ್ಕತದ.'

ಮಳೆಮರ! ಭೂತಗನ್ನಡಿ ಹೇಳದ್ದನ್ನು ಆಡು ಹೇಳಿತು.

ಈ ಮರದ ತವರು ನಡು ಅಮೆರಿಕ ಮತ್ತು ಅದರ ದಕ್ಷಿಣದ ನೆಲ. ಬಿಳಿಯರ ಆಳ್ವಿಕೆಯಲ್ಲಿ, 19ನೇ ಶತಮಾನದ ಉತ್ತರಾರ್ಧದಲ್ಲಿ, ನೆರಳಿಗೆಂದು ಈ ದೇಶಕ್ಕೆ ಬಂತು. ಕಂಪನಿಯ ಕಡೆಯಿಂದ ಬಂದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಇದೇ ನಂಜನಗೂಡು, ತಾಯೂರು, ನರಸೀಪುರಗಳನ್ನು ಹಾದುಹೋದ. ಮೈಸೂರು ಸೀಮೆಯ ಕಾಡುಮರಗಳನ್ನು ಇಲ್ಲಿನ ಜನ ಕರೆಯುವ ಹೆಸರಿನಲ್ಲೇ ಬರೆದುಕೊಂಡ. ಆಳಿನ ಕೂಲಿ ಎಷ್ಟೆಂಬುದನ್ನೂ ಬರೆದ. ಪುಸ್ತಕ 1807ರಲ್ಲಿ ಅಚ್ಚಾಯಿತು. ಮಳೆಮರ ಅದರಲ್ಲಿ ಇರಲು ಸಾಧ್ಯವೇ ಇಲ್ಲ, ಇನ್ನೂ ಬಂದೇ ಇರಲಿಲ್ಲವಲ್ಲ. ಇದ್ದ ಮರಗಳ ಹೆಸರು ಬುಕಾನನ್ನನ ಹೆಸರಿನಲ್ಲಿ ಉಳಿದವು. ಹೇಳಿಕೊಟ್ಟ ಬಾಯಿಗಳು ಯಾರವು?

ಗಂಧಕ್ಕೆ ಹೆಸರೂ ಇತ್ತು, ಕಾವಲೂ ಇತ್ತು. ಸ್ವಂತ ಹೊಲದಲ್ಲಿ ಹುಟ್ಟಿದ ಗಂಧವೂ 2001ರ ಕಾಯ್ದೆ ತಿದ್ದುಪಡಿಯವರೆಗೆ ಸರ್ಕಾರದ್ದೇ. (ಇದು ಹೊಲ ಇದ್ದವರ ದೂರು. ನಮ್ಮವರಿಗೆ ಹೊಲವೆಲ್ಲಿತ್ತು?) ಸರ್ಕಾರಕ್ಕೆ ಬೇಕಾದ ಮರದ ಹೆಸರು ಎಲ್ಲರಿಗೂ ಗೊತ್ತು. ಮಳೆಮರದ ಬಟ್ಟಲನ್ನು ಹೊರದೇಶಗಳಲ್ಲಿ ಕಾಸು ಕೊಟ್ಟು ಕೊಳ್ಳುತ್ತಾರೆಂಬುದು ಕೊಡಲಿ ಹಿಡಿದವನಿಗೆ ಗೊತ್ತಿಲ್ಲ, ಗೊತ್ತಿದ್ದವನು ಹೇಳುವುದಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಮರ ಕಡಿಯುವ ಮೊದಲು ಎಲೆ, ಕಾಯಿ, ತೊಗಟೆ ತೆಗೆದಿಡಿಸಿ. ಅನುಮಾನವಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ತುಂಡು ನೋಡಿ ಜಾತಿ ಗುರುತಿಸುತ್ತಾರೆ. (ಮರದ ಜಾತಿ ಕೇಳುವುದರಲ್ಲಿ ತಪ್ಪಿಲ್ಲ.) ಆದರೆ ಮೊದಲು ಆಡು ಮೇಯಿಸುವವರನ್ನು ಕೇಳಿ.

ನಾವು ಓಡಿಹೋಗುವಷ್ಟರಲ್ಲಿ ಲಾರಿ ಹೋಗಿತ್ತು. ಎರಡು ತುಂಡು ಉಳಿದಿದ್ದವು. ದೊಡ್ಡವ್ವನಿಗೆ ಒಂದು ಲಟ್ಟಣಿಗೆ, ಕೇರಿಯ ಹುಡುಗರಿಗೆ ನಾಲ್ಕು ಬುಗುರಿ ಆದವು.