ಕಸುಬು, ಪಟ್ಟಿ, ಪಟ್ಟಾ: ದರೋಜಿ ಸೀಮೆಯ ಎರಡು ಅಲೆಮಾರಿ ಸಮುದಾಯಗಳ ಲೆಕ್ಕ

ದರೋಜಿ ಎಂದರೆ ಹೊರಗಿನವರಿಗೆ ಎರಡು ಸಂಗತಿ ನೆನಪಾಗುತ್ತವೆ: ಕರಡಿಧಾಮ ಮತ್ತು ಬುರ್ರಕಥೆಯ ಈರಮ್ಮ. ಅದೇ ತಾಲ್ಲೂಕಿನ ಸಂಡೂರು ಎಂದರೆ ಕಬ್ಬಿಣದ ಅದಿರು ಮತ್ತು ಲಂಬಾಣಿ ಕಸೂತಿ. ಈರಮ್ಮನ ಬುಡ್ಗ ಜಂಗಮರು, ಕಸೂತಿಯ ಲಂಬಾಣಿಗರು ಇಬ್ಬರೂ ಮೂಲತಃ ಊರೂರು ತಿರುಗಿ ಬಾಳಿದವರು. ಇಬ್ಬರ ಹೆಸರೂ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಇಬ್ಬರ ಮನೆಮಾತೂ ಕನ್ನಡವಲ್ಲ. ಒಬ್ಬರದು ತೆಲುಗಿನ ಬಗೆ, ಇನ್ನೊಬ್ಬರದು ಗೋರ್‌ಬೋಲಿ. ಹಳೆಯ ಕಸುಬನ್ನೂ ಇಬ್ಬರೂ ಕಳೆದುಕೊಂಡರು. ಹಾಗಿದ್ದೂ ಇಂದು ಇಬ್ಬರ ಆರ್ಥಿಕ ಸ್ಥಿತಿ ಒಂದೇ ಅಲ್ಲ. ಈ ಅಂತರವನ್ನು ನೂರಿಪ್ಪತ್ತು ವರ್ಷಗಳಿಂದ ಗೆಜೆಟಿಯರ್ ಬರೆದವರು, ಆಯೋಗಗಳು, ವಿಶ್ವವಿದ್ಯಾಲಯಗಳು, ನ್ಯಾಯಾಲಯಗಳು ಬೇರೆ ಬೇರೆ ತಕ್ಕಡಿಯಲ್ಲಿ ತೂಗುತ್ತ ಬಂದಿವೆ. ಆ ತಕ್ಕಡಿಗಳು ಹೇಗೆ ಬದಲಾದವು ಎಂಬುದೇ ಈ ಸಮೀಕ್ಷೆಯ ವಿಷಯ. ನನ್ನ ವಾದ ಸರಳ: ಸಮುದಾಯವೊಂದರ ಏಳುಬೀಳನ್ನು ಅದರ ಕಸುಬಿನಿಂದಾಗಲಿ ಸ್ವಭಾವದಿಂದಾಗಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಅದು ಕಳೆದುಕೊಂಡದ್ದೇನು, ಬದಲಿಗೆ ಅದರ ಕೈಗೆ ಬಂದ ದಾಖಲೆ ಯಾವುದು ಎಂದು ಕೇಳಿದಾಗ ಮಾತ್ರ ಲೆಕ್ಕ ಕೂಡುತ್ತದೆ.

ಮೊದಲ ತಕ್ಕಡಿ ವಸಾಹತು ಕಾಲದ್ದು. ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಜಿಲ್ಲಾ ಗೆಜೆಟಿಯರ್ 1904ರಲ್ಲಿ ಬಂತು. ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿ ಸಿದ್ಧಪಡಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳು 1909ರಲ್ಲಿ ಹೊರಬಂದವು. ಈ ಬರವಣಿಗೆಯಲ್ಲಿ ಜಾತಿಯೆಂದರೆ ಕಸುಬು, ಕಸುಬೆಂದರೆ ಹುಟ್ಟುಗುಣ. ಲಂಬಾಣಿ ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರುವವ. ಬುಡ್ಗ ಜಂಗಮ ಹಾಡಿ ಬೇಡುವವ. ಕಸುಬು ಏಕೆ ಮುರಿದುಬಿತ್ತು ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ. ಉತ್ತರ ಮಾತ್ರ ಕಣ್ಣೆದುರೇ ಇತ್ತು. 1876–78ರ ಘೋರ ಬರದಲ್ಲಿ ಬಳ್ಳಾರಿ ಸೀಮೆ ತತ್ತರಿಸಿದ ಮೇಲೆ, ಕ್ಷಾಮ ಬಂದರೆ ಕಾಳು ಸಾಗಿಸಲೆಂದು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಬಳ್ಳಾರಿ, ಹೊಸಪೇಟೆ, ಗದಗಗಳನ್ನು ಜೋಡಿಸಿತು. ದರೋಜಿಗೂ ಒಂದು ನಿಲ್ದಾಣವಾಯಿತು. ಬರದಲ್ಲಿ ಜೀವ ಉಳಿಸಲು ಬಂದ ಹಳಿಯೇ, ಬರವಿದ್ದರೂ ಇಲ್ಲದಿದ್ದರೂ ಕಾಳು ಹೊತ್ತು ತಿರುಗುತ್ತಿದ್ದ ಎತ್ತಿನ ಹಿಂಡುಗಳ ವ್ಯಾಪಾರವನ್ನು ನುಂಗಿತು. ವ್ಯಾಪಾರ ಹೋದವರನ್ನು ಸರ್ಕಾರ ಸಂಶಯದಿಂದ ನೋಡತೊಡಗಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತಕ್ಕೂ ವಿಸ್ತರಿಸಿತು. ತಿರುಗಾಟವೇ ಅಪರಾಧದ ಗುರುತಾಯಿತು. ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ.

ಬುಡ್ಗ ಜಂಗಮರ ಆರ್ಥಿಕತೆ ಇದಕ್ಕಿಂತ ಕೆಟ್ಟದಾಗಿ ಓದಿಸಿಕೊಂಡಿತು. ತಂಬೂರಿ, ಗುಮ್ಮಟೆ ಹಿಡಿದು ರಾತ್ರಿಯೆಲ್ಲ ಕುಮಾರರಾಮನ ಕಥೆ ಹೇಳಿ, ಬೆಳಗ್ಗೆ ಮನೆಮನೆಯಿಂದ ಜೋಳ ಪಡೆಯುವುದನ್ನು ದಾಖಲೆ ‘ಭಿಕ್ಷೆ’ ಎಂದು ಬರೆದುಕೊಂಡಿತು. ಹಳ್ಳಿಯ ಲೆಕ್ಕದಲ್ಲಿ ಅದು ಬೇರೆ. ಕಣದಲ್ಲಿ ರಾಶಿ ಮಾಡುವಾಗ ಬಡಿಗ, ಕಮ್ಮಾರರಿಗೆ ಆಯ ಸಲ್ಲುತ್ತಿದ್ದಂತೆ, ಕಥೆ ಹೇಳುವವರಿಗೂ ಸುಗ್ಗಿಯ ಪಾಲು ಇರುತ್ತಿತ್ತು. ಹೆಂಗಸರು ಸೂಜಿ, ಪಿನ್ನು, ಪಾತ್ರೆ ಮಾರಿ, ಬದಲಿಗೆ ಉದುರಿದ ತಲೆಗೂದಲನ್ನು ಕೊಂಡು ಸಂಸಾರ ತೂಗಿಸುತ್ತಿದ್ದರು. ಅಂದರೆ ಇದು ಸೇವೆ ಮತ್ತು ವಿನಿಮಯ ಎರಡೂ ಕೂಡಿದ ಜೀವನೋಪಾಯ. ಕಮ್ಮಾರನ ಆಯಕ್ಕೆ ‘ಕೂಲಿ’ ಎಂಬ ಮಾನ ಸಿಕ್ಕಿ, ಹಾಡುಗಾರ್ತಿಯ ಪಾಲಿಗೆ ‘ಭಿಕ್ಷೆ’ ಎಂಬ ಹೆಸರು ಅಂಟಿದ್ದು ಬರೆಯುವವರ ತೀರ್ಪು, ದುಡಿಯುವವರ ಸ್ಥಿತಿಯಲ್ಲ. ಸಿನಿಮಾ ಟೆಂಟು, ರೇಡಿಯೊ, ಟೀವಿ ಬಂದು ರಾತ್ರಿಯ ಕಥೆಗೆ ಕೇಳುಗರು ಕಡಿಮೆಯಾದಾಗ, ಹೊಡೆತ ಬಿದ್ದದ್ದು ಒಂದು ಉದ್ಯೋಗಕ್ಕೆ ಎಂದು ಯಾರಿಗೂ ಅನ್ನಿಸಲಿಲ್ಲ. ಬೇಡುವುದನ್ನು ಬಿಟ್ಟರೆ ಒಳ್ಳೆಯದೇ ಆಯಿತಲ್ಲ ಎಂಬ ಉಪದೇಶ ಮಾತ್ರ ಉಳಿಯಿತು.

ಎರಡನೆಯ ತಕ್ಕಡಿ ಪಟ್ಟಿಯದು. ಸಂವಿಧಾನ ಬಂದ ಮೇಲೆ 1950ರ ಪರಿಶಿಷ್ಟ ಜಾತಿಗಳ ಆದೇಶ, 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರ್ಪಡೆ, 1956ರ ಪುನರ್ವಿಂಗಡಣೆ, ಪಟ್ಟಿಗಳ ಪ್ರದೇಶವಾರು ಮಿತಿಯನ್ನು ಬಹುಪಾಲು ತೆಗೆದ 1976ರ ತಿದ್ದುಪಡಿ: ಹೀಗೆ ಸಮುದಾಯಗಳ ಭವಿಷ್ಯ ಅನುಸೂಚಿಯ ಸಾಲುಗಳಿಗೆ ಕಟ್ಟಿಕೊಂಡಿತು. ಎಲ್.ಜಿ. ಹಾವನೂರ ಆಯೋಗದ 1975ರ ವರದಿ ಹಿಂದುಳಿದ ವರ್ಗಗಳ ಕುರಿತದ್ದಾದರೂ, ಶಾಲೆಯ ಫಲಿತಾಂಶ ಮತ್ತು ಮನೆಗಳ ಸಮೀಕ್ಷೆಯಿಂದ ಸಮುದಾಯಗಳನ್ನು ಹೋಲಿಸಬಹುದೆಂದು ತೋರಿಸಿ ಮುಂದಿನ ಎಲ್ಲ ಆಯೋಗಗಳಿಗೂ ದಾರಿ ಹಾಕಿತು. ಹುಟ್ಟುಗುಣದ ಮಾತು ಹೋಗಿ ಅಂಕಿಯ ಮಾತು ಬಂದದ್ದು ದೊಡ್ಡ ಮುನ್ನಡೆ. ಆದರೆ ಪಟ್ಟಿಗೊಂದು ಕುರುಡಿದೆ: ಅದಕ್ಕೆ ಕಾಣುವುದು ಹೆಸರು ಮಾತ್ರ. ಪಟ್ಟಿಯಲ್ಲಿ ಬೇಡ ಜಂಗಮ, ಬುಡ್ಗ ಜಂಗಮ ಎಂಬ ಹೆಸರುಗಳು ಅಕ್ಕಪಕ್ಕ ನಿಂತಿವೆ. ‘ಜಂಗಮ’ ಎಂಬ ಒಂದು ಪದದ ಬಲದಿಂದ ಬೇರೆ ಹಿನ್ನೆಲೆಯವರೂ ಆ ಪ್ರಮಾಣಪತ್ರ ಕೇಳಿದ ವಿವಾದ ದಶಕಗಳಿಂದ ಕಚೇರಿ, ಕೋರ್ಟುಗಳಲ್ಲಿ ನಡೆದಿದೆ. ಅದರ ಫಲವಾಗಿ ಅರ್ಜಿ ಹಿಡಿದು ಬಂದ ನಿಜವಾದ ಅಲೆಮಾರಿಯೂ ಸಂಶಯದ ಕಣ್ಣಿಗೆ ಬೀಳುತ್ತಾನೆ. ಲಂಬಾಣಿಗೆ ಆ ತೊಡಕಿಲ್ಲ. ಅವರ ನೆಲೆಯಾದ ತಾಂಡಾದ ಹೆಸರು ಹೇಳಿದರೆ ಗುರುತು ತಾನಾಗಿ ಸಿದ್ಧ.

ಮೂರನೆಯ ತಕ್ಕಡಿ ಪ್ರದೇಶದ್ದು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು ಕಂಪ್ಲಿ, ಹೊಸಪೇಟೆಗಳ ಬಯಲನ್ನು ಭತ್ತ, ಕಬ್ಬು, ಬಾಳೆಯ ಸೀಮೆಯಾಗಿಸಿತು. 1954ರಲ್ಲಿ ಸ್ಥಾಪನೆಯಾದ ಸಂಡೂರು ಮ್ಯಾಂಗನೀಸ್ ಕಂಪನಿಯ ಕಾಲದಿಂದ ಬೆಳೆದ ಗಣಿಗಾರಿಕೆ, 2000ದ ನಂತರ ಚೀನಾದ ಬೇಡಿಕೆಗೆ ಉಬ್ಬಿ, ಜಿಲ್ಲೆಯ ತಲಾದಾಯವನ್ನು ಮೇಲೆತ್ತಿತು. 2002ರ ಡಿ.ಎಂ. ನಂಜುಂಡಪ್ಪ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಸೂಚ್ಯಂಕ ಹಾಕಿ ಹೇಳಿತು. ಉತ್ತರ ಕರ್ನಾಟಕದ ಕೊರತೆಗೆ ಮೊದಲ ಬಾರಿ ಗಟ್ಟಿ ಆಧಾರ ಸಿಕ್ಕಿತು ನಿಜ. ಆದರೆ ತಾಲ್ಲೂಕಿನ ಸರಾಸರಿಯಲ್ಲಿ ಗಣಿ ಮಾಲೀಕನ ಹೆಲಿಕಾಪ್ಟರೂ, ಅದಿರು ಬುಟ್ಟಿ ಹೊತ್ತ ಹೆಂಗಸಿನ ದಿನಗೂಲಿಯೂ ಒಂದೇ ಭಾಗಾಕಾರಕ್ಕೆ ಸೇರುತ್ತವೆ. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಈ ಸರಾಸರಿ ಒಡೆದು ಒಳಗಿನದು ಕಂಡಿತು. ಅಕ್ರಮ ಗಣಿಗಾರಿಕೆ ನಿಲ್ಲಲೇಬೇಕಿತ್ತು. ಆದರೆ ಕೆಲಸ ಹೋದವರಲ್ಲಿ ತಾಂಡಾದ ಕೂಲಿಗಳೂ ಇದ್ದರು. ಅವರ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇರಲಿಲ್ಲ. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಮುಂದೆ ಸಾವಿರಾರು ಕೋಟಿ ರೂಪಾಯಿ ಕೂಡಿಬಿದ್ದರೂ, ಬಾಧೆ ಯಾರಿಗೆ ಎಷ್ಟು ತಟ್ಟಿತೆಂದು ಸಮುದಾಯವಾರು ಹೇಳುವ ಶಕ್ತಿ ತಾಲ್ಲೂಕಿನ ಸೂಚ್ಯಂಕಕ್ಕೆ ಇರಲಿಲ್ಲ.

ನಾಲ್ಕನೆಯ ಹಂತದಲ್ಲಿ ಅಧ್ಯಯನ ಕಚೇರಿಯಿಂದ ಕೇರಿಗೆ ಇಳಿಯಿತು. ಬಿ.ಜಿ. ಹಳಬಾರ ಅವರು ಉತ್ತರ ಕರ್ನಾಟಕದ ಲಮಾಣಿಗಳ ಬದಲಾಗುತ್ತಿರುವ ಆರ್ಥಿಕತೆಯನ್ನೇ ವಿಷಯವಾಗಿಸಿ ಬರೆದ ಪುಸ್ತಕ 1986ರಲ್ಲಿ ಬಂತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿ, ಹಿ.ಚಿ. ಬೋರಲಿಂಗಯ್ಯ, ಕೆ.ಎಂ. ಮೇತ್ರಿ ಮುಂತಾದವರ ದುಡಿಮೆಯಿಂದ ಬುಡಕಟ್ಟು ಅಧ್ಯಯನ ಕನ್ನಡದ್ದೇ ಒಂದು ಶಿಸ್ತಾಯಿತು. ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ. ಲಂಬಾಣಿಗರ ವಿಷಯದಲ್ಲಿ ದುಡಿಮೆ, ಜಮೀನು, ವಲಸೆಗಳ ಪ್ರಶ್ನೆ ಬೇಗ ಎದ್ದಿತು. ಬುಡ್ಗ ಜಂಗಮರ ವಿಷಯದಲ್ಲಿ ಕಣ್ಣು ಮೊದಲು ಹೊರಳಿದ್ದು ಹಾಡಿನ ಕಡೆಗೆ. ಅಕ್ಷರ ಬಾರದ ಈರಮ್ಮ ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದಳು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2014ರ ಆಗಸ್ಟ್‌ನಲ್ಲಿ ತೀರಿಕೊಂಡಳು. ಕಾವ್ಯ ಸಂಗ್ರಹವಾಯಿತು, ಕಲಾವಿದೆಗೆ ಮಾನ ಸಿಕ್ಕಿತು. ಆದರೆ ಕಾವ್ಯಕ್ಕೆ ಜೋಳ ಅಳೆಯುತ್ತಿದ್ದ ಏರ್ಪಾಡಿನ ಜಾಗಕ್ಕೆ ಇನ್ನೊಂದು ಏರ್ಪಾಡು ಬರಲಿಲ್ಲ. ಲಂಬಾಣಿ ಕಸೂತಿಯ ಸೂಜಿಯ ಕಥೆ ಬೇರೆಯಾಯಿತು. ಸಂಡೂರು ಕುಶಲ ಕಲಾ ಕೇಂದ್ರದಂಥ ಸಂಸ್ಥೆ ಬಟ್ಟೆ, ದಾರ, ಮಾರುಕಟ್ಟೆ ಮೂರನ್ನೂ ಒಂದೆಡೆ ತಂದಿತು. ಸಂಡೂರು ಲಂಬಾಣಿ ಕಸೂತಿಗೆ 2010ರ ಹೊತ್ತಿಗೆ ಭೌಗೋಳಿಕ ಸೂಚಕದ ಮುದ್ರೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯಲ್ಲಿ 450ಕ್ಕೂ ಹೆಚ್ಚು ಹೆಂಗಸರು ಸೇರಿ ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಹೊಲಿಗೆಯ ತುಣುಕಿಗೆ ಸಿಗುವ ಕೂಲಿ ಒಂದು ಸಂಸಾರವನ್ನು ಸಾಕುವಷ್ಟಿಲ್ಲದಿರಬಹುದು. ಆದರೂ ಅದು ಸರಕು, ಅದಕ್ಕೆ ಊರಿನ ಹೆಸರಿದೆ, ಆ ಹೆಸರಿಗೆ ಕಾನೂನಿನ ಕಾವಲಿದೆ. ಹಾಡಿಗೆ ಅದ್ಯಾವುದೂ ಇಲ್ಲ.

ಇದು ನಮ್ಮ ಸೀಮೆಯ ವಿಚಿತ್ರವೇನಲ್ಲ. ಪ್ರಪಂಚದ ಎರಡು ದೂರದ ಸಮುದಾಯಗಳನ್ನು ನೋಡಿದರೆ ಇದೇ ಸೂತ್ರ ಇನ್ನೂ ನಿಚ್ಚಳ. 1948ರಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು. ಅವರಿಗೆ ಸಿಕ್ಕಿದ್ದು ವಿಶ್ವಸಂಸ್ಥೆ 1949ರಲ್ಲಿ ಕಟ್ಟಿದ ಪರಿಹಾರ ಸಂಸ್ಥೆಯ ನಿರಾಶ್ರಿತ ಚೀಟಿ. ಅದು ಶಾಲೆ, ಪಡಿತರ ಕೊಟ್ಟಿತು, ಜಮೀನು ಕೊಡಲಿಲ್ಲ. ಗಾಜಾದ ಬಡತನವನ್ನು ಅಭಿವೃದ್ಧಿಯ ಕೊರತೆ ಎನ್ನುವುದು ತಪ್ಪು, ಅಭಿವೃದ್ಧಿಯ ಸಾಧ್ಯತೆಯನ್ನೇ ಕಳಚಿಹಾಕಿದ್ದರ ಫಲ ಅದು ಎಂದು ಅರ್ಥಶಾಸ್ತ್ರಜ್ಞೆ ಸಾರಾ ರಾಯ್ 1980ರ ದಶಕದಲ್ಲೇ ವಾದಿಸಿದರು. ಪಶ್ಚಿಮ ದಂಡೆಯ ಸುಮಾರು ಶೇ. 60ರಷ್ಟು ನೆಲವಾದ ‘ಸಿ’ ವಲಯದ ನಿರ್ಬಂಧಗಳಿಂದ ವರ್ಷಕ್ಕೆ 340 ಕೋಟಿ ಡಾಲರ್‌ನಷ್ಟು ಉತ್ಪಾದನೆ ತಪ್ಪುತ್ತಿದೆ ಎಂದು 2013ರಲ್ಲಿ ವಿಶ್ವಬ್ಯಾಂಕ್ ಅಂದಾಜಿಸಿತು. ಇನ್ನು ಕೆನಡಾದ ಪಶ್ಚಿಮ ಕರಾವಳಿಯ ಸಿಮ್ಶಿಯಾನ್ ಜನ. ಸ್ಕೀನಾ ನದಿಯ ಸಾಲ್ಮನ್ ಮೀನೇ ಅವರ ಬದುಕು. ಅವರ ದಾನ-ಹಬ್ಬವಾದ ಪಾಟ್‌ಲ್ಯಾಚ್ ಅನ್ನು 1885ರಿಂದ 1951ರವರೆಗೆ ಕಾನೂನು ನಿಷೇಧಿಸಿತ್ತು. ಅವರು ಮೀನು ಡಬ್ಬಿ ಕಾರ್ಖಾನೆಗಳಲ್ಲಿ ಕೂಲಿಗಳಾದರು. ವ್ಯಾಪಾರಕ್ಕಾಗಿ ಮೀನು ಹಿಡಿಯುವ ಹಕ್ಕು ಕೇಳಿದ, ಇದೇ ಜನರ ಲಾಕ್ಸ್ ಕ್ವಾಲಾಮ್ಸ್ ಸಮುದಾಯಕ್ಕೆ 2011ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ನಿಮ್ಮ ಪೂರ್ವಿಕರು ಮುಖ್ಯವಾಗಿ ಮಾರುತ್ತಿದ್ದದ್ದು ಯೂಲಕಾನ್ ಎಂಬ ಸಣ್ಣ ಮೀನಿನ ಕೊಬ್ಬನ್ನು, ಉಳಿದ ಮೀನಿಗೆ ಆ ಹಕ್ಕಿಲ್ಲ ಎಂದಿತು. ‘ಸಾಂಪ್ರದಾಯಿಕ ಕಸುಬು’ ಎಂಬ ಮಾನದಂಡ ಎಂಥ ಪಂಜರವಾಗಬಲ್ಲದು ಎಂಬುದಕ್ಕೆ ಥರ್ಸ್ಟನ್ನನ ಸಂಪುಟ ಬೇಕಿಲ್ಲ, ಈ ತೀರ್ಪು ಸಾಕು. ಅದೇ ಸಮುದಾಯ 2015ರಲ್ಲಿ ಸಾಲ್ಮನ್ ಮರಿಗಳು ಬೆಳೆಯುವ ನೆಲೆಯ ಬಳಿ ಅನಿಲ ಘಟಕ ಕಟ್ಟಲು ಬಂದ ಕಂಪನಿಯ ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ಮತ ಹಾಕಿ ತಿರಸ್ಕರಿಸಿತು. ಕೋರ್ಟಿನಲ್ಲಿ ಸೋತವರಿಗೂ ನೆಲದ ಮೇಲೊಂದು ಹಕ್ಕಿನ ಮಾತಿದ್ದುದರಿಂದ ‘ಬೇಡ’ ಎನ್ನಲು ಸಾಧ್ಯವಾಯಿತು. ಸಂಡೂರಿನ ಬೆಟ್ಟಗಳು ಗುತ್ತಿಗೆಗೆ ಹೋದಾಗ ಯಾವ ತಾಂಡಾವನ್ನೂ ಹಾಗೆ ಮತಕ್ಕೆ ಕರೆದದ್ದಿಲ್ಲ.

ಇಲ್ಲಿಗೆ ಬರುವಾಗ ಆಕ್ಷೇಪಗಳು ಎದುರಾಗುತ್ತವೆ. ಯುದ್ಧ, ಆಕ್ರಮಣದಲ್ಲಿ ಸಿಕ್ಕವರ ಜೊತೆ ದರೋಜಿಯ ಕೇರಿಯನ್ನು ಹೋಲಿಸುವುದು ಅತಿಯಲ್ಲವೇ? ಸಂಕಟವನ್ನು ಹೋಲಿಸಿದರೆ ಖಂಡಿತ ಅತಿ. 2023ರ ನಂತರ ಗಾಜಾ ಕಂಡ ನಾಶಕ್ಕೆ ಇಲ್ಲಿ ಸಾಟಿಯಿಲ್ಲ. ನಾನು ಹೋಲಿಸುತ್ತಿರುವುದು ಕಷ್ಟದ ಪ್ರಮಾಣವನ್ನಲ್ಲ. ನೆಲ, ನೀರು, ಹೆಸರುಗಳ ಮೇಲಿನ ಹಿಡಿತ ತಪ್ಪಿದಾಗ ದುಡಿಮೆ ಹೇಗೆ ದಾನಕ್ಕೆ ಇಳಿಯುತ್ತದೆ ಎಂಬ ಕ್ರಮವನ್ನು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಲಂಬಾಣಿಗರು ಮುಂದೆ ಬಂದದ್ದು ದಾಖಲೆಯಿಂದಲ್ಲ, ಸಂಖ್ಯೆಯಿಂದ, ಲಕ್ಷಗಟ್ಟಲೆ ಮತಗಳಿರುವವರ ಮಾತನ್ನು ರಾಜಕಾರಣ ಕೇಳುತ್ತದೆ. ಇದರಲ್ಲಿ ನಿಜವಿದೆ. ಆದರೆ ಚದುರಿದ ಸಂಖ್ಯೆ ಮತವಾಗುವುದಿಲ್ಲ. ವ್ಯಾಪಾರ ಮುರಿದ ಮೇಲೆ ಲಂಬಾಣಿಗರು ತಾಂಡಾ ಕಟ್ಟಿ ಒಂದೆಡೆ ನಿಂತರು. ನಿಂತದ್ದರಿಂದ ಎಣಿಕೆಗೆ ಸಿಕ್ಕರು. ಎಣಿಕೆಗೆ ಸಿಕ್ಕಿದ್ದರಿಂದ ಮತವಾದರು. 2023ರ ಜನವರಿಯಲ್ಲಿ ಉತ್ತರ ಕರ್ನಾಟಕದ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಒಂದೇ ದಿನ ಹಕ್ಕುಪತ್ರ ಸಿಕ್ಕಿದ್ದು ಈ ಸರಣಿಯ ಕೊನೆಯ ಕೊಂಡಿ. ಬುಡ್ಗ ಜಂಗಮರ ಕಸುಬಾದರೋ ಕೇಳುಗರಿದ್ದ ಕಡೆ ಚದುರುವುದನ್ನೇ ಕೇಳುತ್ತಿತ್ತು. ಮೂರನೆಯ ಮಾತು: ಲಂಬಾಣಿಗರೇನು ಸುಖವಾಗಿದ್ದಾರೆಯೇ? ಇಲ್ಲ. ಕಬ್ಬು ಕಡಿಯಲು ಗುಳೆ ಹೋಗುವ ತಾಂಡಾಗಳು ಇಂದಿಗೂ ಇವೆ. ಅಂತರ ಬಡವ-ಬಲ್ಲಿದರದಲ್ಲ; ಬಡತನದಿಂದ ಹೊರಬರುವ ಬಾಗಿಲು ಇರುವುದು, ಇಲ್ಲದಿರುವುದರದು.

ಈ ಬಾಗಿಲಿನ ಪ್ರಶ್ನೆಯೇ 2025ರ ಒಳಮೀಸಲಾತಿಯಲ್ಲಿ ಸ್ಫೋಟಿಸಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ಒಪ್ಪಿಗೆ ಕೊಟ್ಟ ಮೇಲೆ, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ 101 ಜಾತಿಗಳನ್ನು ಮನೆಮನೆ ಸಮೀಕ್ಷೆಯಿಂದ ತೂಗಿ, 59 ಅತಿ ಸಣ್ಣ, ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ. 1 ಇಡಬೇಕೆಂದು ಸೂಚಿಸಿತು. ರಾಜ್ಯ ಸಂಪುಟ 2025ರ ಆಗಸ್ಟ್‌ನಲ್ಲಿ ಪರಿಶಿಷ್ಟ ಜಾತಿಗಳ ಶೇ. 17ರ ಮೀಸಲಾತಿಯನ್ನು 6, 6, 5 ಎಂದು ಹಂಚಿ, ಅಲೆಮಾರಿಗಳನ್ನು ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ ಶೇ. 5ರ ಗುಂಪಿಗೆ ಸೇರಿಸಿತು. ಅಲೆಮಾರಿಗಳು ಬೀದಿಗಿಳಿದರು. ಇದು ಲಂಬಾಣಿಗರ ವಿರುದ್ಧದ ಕೂಗು ಎಂದು ಓದುವುದು ಸುಲಭ, ತಪ್ಪೂ ಹೌದು. ನೂರಿಪ್ಪತ್ತು ವರ್ಷ ಬೇರೆ ಬೇರೆ ದಾರಿಯಲ್ಲಿ ನಡೆದ ಇಬ್ಬರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿ ಎಂದರೆ ಹೋಲಿಕೆಯ ಶಾಸ್ತ್ರ ಇಷ್ಟು ದಿನ ಕಲಿತದ್ದೆಲ್ಲ ಅಳಿಸಿಹೋಗುತ್ತದೆ ಎಂಬುದೇ ಆ ಕೂಗಿನ ತಿರುಳು.

1994ರಲ್ಲಿ ದರೋಜಿಯ ಬಿಳಿಕಲ್ಲು ಕಾಯ್ದಿಟ್ಟ ಅರಣ್ಯವನ್ನು ಕರಡಿಧಾಮವೆಂದು ಘೋಷಿಸಿದಾಗ ಅದರ ವಿಸ್ತೀರ್ಣ ಸುಮಾರು 5,587 ಹೆಕ್ಟೇರ್ ಎಂದು ಅಳೆದು ಬರೆದರು. 2009ರಲ್ಲಿ ಬುಕ್ಕಸಾಗರದ ಕಾಡು ಸೇರಿಸಿದಾಗ ಅದನ್ನೂ ಅಳೆದರು. ಕರಡಿ ಉಳಿದದ್ದರಲ್ಲಿ ಆ ಅಳತೆಗೆ ಪಾಲಿದೆ. ಗಡಿ ಗುರುತಾದ ಕಾಡಿನೊಳಗೆ ಗಣಿ ಲಾರಿ ಸುಲಭಕ್ಕೆ ನುಗ್ಗಲಾರದು. ಅಳೆಯುವುದು, ಬರೆದಿಡುವುದು, ಬರೆದದ್ದಕ್ಕೆ ಕಾವಲಿಡುವುದು ಸರ್ಕಾರಕ್ಕೆ ಬಾರದ ವಿದ್ಯೆಯಲ್ಲ ಎಂಬುದಕ್ಕೆ ದರೋಜಿಯೇ ಸಾಕ್ಷಿ. ಮುಂದಿನ ಹೋಲಿಕೆಯ ಕೆಲಸ ಅಲೆಮಾರಿ ಕೇರಿಗಳಿಂದ ಶುರುವಾಗಬೇಕು: ಈ ಮನೆ ಯಾರ ಸರ್ವೆ ನಂಬರಿನಲ್ಲಿದೆ, ಈ ಹೆಸರು ಯಾವ ಪಟ್ಟಿಯಲ್ಲಿದೆ, ಈ ಕಸುಬು ಹೋದಾಗ ಬದಲಿಗೆ ಕೊಟ್ಟದ್ದೇನು. ಈ ಮೂರು ಕಾಲಂ ತುಂಬಿದ ಮೇಲೆ ಯಾರು ಎಷ್ಟು ಹಿಂದೆ ಎಂಬ ಜಗಳಕ್ಕೆ ಅರ್ಧ ಉತ್ತರ ಆ ಹಾಳೆಯಲ್ಲೇ ಇರುತ್ತದೆ.