ನಾಯಿಯ ಮೈಯಿಂದ ಹೊಟ್ಟು ಉದುರುತ್ತಿದೆಯೇ? ಎಣ್ಣೆ ಹಚ್ಚುವ ಮುನ್ನ ಕಾರಣ ತಿಳಿಯಿರಿ

ಮುಂಬೈನಲ್ಲಿ ಮಳೆಗಾಲ ಬಂದರೆ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಇಂಥ ತೇವದ ಊರಿನಲ್ಲೂ ಸಾಕುನಾಯಿಯ ಮೈ ಸವರಿದರೆ ಬಿಳಿ ಹೊಟ್ಟು ಕೈಗೆ ಹತ್ತುವುದುಂಟು. ಇದಕ್ಕೆ ಹೊರಗಿನ ಹವೆಗಿಂತ ಮನೆಯೊಳಗಿನ ಅಭ್ಯಾಸಗಳೇ ಹೆಚ್ಚಾಗಿ ಕಾರಣ.

ಮೊದಲನೆಯದು ಅತಿಯಾದ ಸ್ನಾನ. ವಾಕಿಂಗ್ ಹೋದ ನಾಯಿ ಕೆಸರು ಮೆತ್ತಿಕೊಂಡು ಬಂತೆಂದು ವಾರಕ್ಕೆ ಎರಡು ಮೂರು ಸಲ, ಅದೂ ಮನೆಮಂದಿ ಬಳಸುವ ಶಾಂಪೂ ಹಾಕಿ ತೊಳೆಯುವವರಿದ್ದಾರೆ. ನಾಯಿಯ ಚರ್ಮದ ಹೊರಪದರ ಮನುಷ್ಯರದಕ್ಕಿಂತ ತೆಳು. ನಮ್ಮ ಚರ್ಮ ತುಸು ಆಮ್ಲೀಯವಾಗಿದ್ದರೆ ನಾಯಿಯದು ಹಾಗಲ್ಲ. ನಮಗೆ ಹೊಂದುವ ಶಾಂಪೂ, ಸೋಪು ಅದರ ಮೈಯ ಸಹಜ ಎಣ್ಣೆಯನ್ನೇ ತೊಳೆದುಬಿಡುತ್ತವೆ. ಆರೋಗ್ಯವಂತ ನಾಯಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ನಾಯಿಗಳ ಶಾಂಪೂ ಸಾಕು. ಉಳಿದ ದಿನ ಪಾದ ಮಾತ್ರ ತೊಳೆದು ಬೆರಳ ಸಂದು ಒರೆಸಿ. ಜುಹು, ವರ್ಸೋವಾ ಬೀಚಿನಲ್ಲಿ ಆಡಿ ಬಂದಿದ್ದರೆ ಮಾತ್ರ ಉಪ್ಪುನೀರು ಮೈಮೇಲೆ ಒಣಗಲು ಬಿಡದೆ ಸಿಹಿನೀರಿನಲ್ಲಿ ತೊಳೆಯಬೇಕು. ಅದಕ್ಕೆ ಶಾಂಪೂ ಬೇಡ.

ಇಡೀ ದಿನ ಓಡುವ ಏಸಿಯೂ ಕೋಣೆಯ ತೇವ ಹೀರುತ್ತದೆ. ಹಾಲು ಅನ್ನ, ಬಿಸ್ಕತ್ತಿನಲ್ಲೇ ಬೆಳೆದ ನಾಯಿಗೆ ಚರ್ಮಕ್ಕೆ ಬೇಕಾದ ಪ್ರೋಟೀನು, ಕೊಬ್ಬಿನಾಂಶ ಸಾಲದೆ ಕೂದಲು ಮಂಕಾಗುತ್ತದೆ. ಒಮೆಗಾ-3 ಇರುವ ಮೀನೆಣ್ಣೆ ಸಹಾಯಕ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಫಲ ಕಾಣಲು ಒಂದೆರಡು ತಿಂಗಳೇ ಹಿಡಿಯಬಹುದು.

ಬರೀ ಒಣಚರ್ಮ ಅಲ್ಲದಿದ್ದರೆ?

ಎಚ್ಚರ ಬೇಕಾದದ್ದು ಇಲ್ಲಿ. ಬಾಲದ ಬುಡ, ಸೊಂಟವನ್ನು ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಅಲರ್ಜಿ ಇರಬಹುದು. ಕಿವಿಯ ಅಂಚು, ಮೊಣಕೈ ಕೆರೆದು ಕೆರೆದು ಹಕ್ಕಳೆ ಕಟ್ಟಿದರೆ ಕಜ್ಜಿ. ಉಂಗುರದಂತೆ ಕೂದಲು ಉದುರಿದರೆ ಶಿಲೀಂಧ್ರ ಸೋಂಕು. ಇವೆರಡೂ ಮನೆಯ ಮಕ್ಕಳಿಗೂ ಅಂಟುತ್ತವೆ. ನಡುವಯಸ್ಸಿನ ನಾಯಿ ತುರಿಕೆಯಿಲ್ಲದೆ ಕೂದಲು ಕಳೆದುಕೊಂಡು, ದಪ್ಪಗಾಗಿ, ಮಂಕು ಬಡಿದಂತೆ ಮಲಗಿದರೆ ಥೈರಾಯ್ಡ್ ಕೊರತೆಯ ಅನುಮಾನ. ಅದು ರಕ್ತಪರೀಕ್ಷೆಯಿಂದಲೇ ಗೊತ್ತಾಗಬೇಕು.

ಇವುಗಳಲ್ಲಿ ಯಾವುದಕ್ಕೂ ಕೊಬ್ಬರಿ ಎಣ್ಣೆ ಮದ್ದಲ್ಲ. ನಾಯಿ ಅದನ್ನು ನೆಕ್ಕಿ ಭೇದಿ ಮಾಡಿಕೊಳ್ಳುತ್ತದೆ, ಅಷ್ಟೆ. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ. ಮೆಡಿಕಲ್ ಸ್ಟೋರಿನಿಂದ ತಂದ ಸ್ಟಿರಾಯ್ಡ್ ಮುಲಾಮು ತುರಿಕೆಯನ್ನು ತಗ್ಗಿಸಿದರೂ ಒಳಗಿನ ಸೋಂಕು ಹರಡಲು ದಾರಿ ಮಾಡಿಕೊಡಬಹುದು. ಕಜ್ಜಿಗೆಂದು ಐವರ್ಮೆಕ್ಟಿನ್ ಅನ್ನು ತಾವೇ ಕೊಡುವುದೂ ಅಪಾಯ. ಕೋಲಿಯಂಥ ಕೆಲವು ತಳಿಗಳಲ್ಲಿ ಅದು ಮಿದುಳಿಗೆ ಏರಿ ಜೀವಕ್ಕೇ ಕುತ್ತಾಗುತ್ತದೆ.

ಚರ್ಮವನ್ನು ಲಘುವಾಗಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಸರಳ, ಹೆಚ್ಚು ಹೊತ್ತು ಬೇಡ. ಬಡಾವಣೆಯ ಕ್ಲಿನಿಕ್‌ಗಳಲ್ಲದೆ ಪರೇಲ್‌ನಲ್ಲಿ 1886ರಲ್ಲಿ ಆರಂಭವಾದ ಮುಂಬೈ ಪಶುವೈದ್ಯಕೀಯ ಕಾಲೇಜು, ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇವೆ. ಹೋಗುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಎಣ್ಣೆಯನ್ನೂ ಹಚ್ಚಬೇಡಿ. ಈಗ ಬಳಸುತ್ತಿರುವ ಶಾಂಪೂ, ಆಹಾರದ ಪೊಟ್ಟಣದ ಫೋಟೊ ಮೊಬೈಲಿನಲ್ಲಿರಲಿ. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಶುರುವಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.